ಅವಧಿಗೆ ಮುನ್ನ ಒಂದು ಗುಟುಕು

ಮಂಗಳೂರಿನ ಪಂಪ್‌ವೆಲ್‌ನಲ್ಲಿ ಯಾವ ಫ್ಲ್ಯಾಟಿನ ಬೆಲ್ ಒತ್ತಿದರೂ ಬಾಗಿಲು ತೆರೆಯುವವರು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಐದು ಬ್ಯಾಂಕು ಹೆತ್ತ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ನಮ್ಮದು. ಕರ್ಣಾಟಕ ಬ್ಯಾಂಕಿನ ಪ್ರಧಾನ ಕಚೇರಿ ಇಲ್ಲೇ ಮಹಾವೀರ ವೃತ್ತದಲ್ಲಿ ಉಂಟು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಮರುವರ್ಷ ಅದೇ ತಾರೀಖಿಗೆ ಬೇರೆ ಬ್ಯಾಂಕುಗಳೊಳಗೆ ಕರಗಿದವು. ಬ್ಯಾಂಕು ಹೋಯಿತು, ಮ್ಯಾನೇಜರು ಉಳಿದರು. ಲೆಕ್ಕ ಬರೆಯಲು ಅವರಿಗೆ ಏನಾದರೊಂದು ಬೇಕಲ್ಲ! ಕೆಲವರು ಟೆರೇಸಿನಲ್ಲಿ ಬಸಳೆ ಹಬ್ಬಿಸುತ್ತಾರೆ, ಕೆಲವರು ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗಿ ಎಲ್ಲರ ಕಾರಿನ ಮೇಲೆ ಚೀಟಿ ಅಂಟಿಸುತ್ತಾರೆ. ನಾನು ಹೇಳಹೊರಟದ್ದು ಮೂರನೆಯ ಬಗೆಯವರನ್ನು: ಜನ್ಮದಲ್ಲಿ ಮೊದಲ ಬಾರಿ ಮನೆಯಲ್ಲಿ ವೈನ್ ಹಾಕಿದವರು.

ರೆಸಿಪಿ ಕೆಳಗಿನ ಮನೆಯ ಬಾಯಮ್ಮನದು. ಡಿಸೆಂಬರಿನಲ್ಲಿ ಅವರ ಮನೆಯಿಂದ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆ ಮೇಲೆ ಬರುತ್ತದೆ. ನೆವ್ರಿ, ಕಿಡ್ಯೊ, ಗುಳಿಯೊಗಳ ಜೊತೆ ಪುಟ್ಟ ಬಾಟಲಿಯೂ ಇರುತ್ತದೆ. ಆ ಬಾಟಲಿಯೇ ಇವರನ್ನು ಕೆಡಿಸಿದ್ದು. ಒಂದು ಕಿಲೋ ಬೆಂಗಳೂರು ಬ್ಲೂ ದ್ರಾಕ್ಷಿ, ಮುಕ್ಕಾಲು ಕಿಲೋ ಸಕ್ಕರೆ, ಕುದಿಸಿ ಆರಿಸಿದ ನೀರು, ಹಿಡಿ ಗೋಧಿ, ಚೂರು ಯೀಸ್ಟ್, ಚಕ್ಕೆ, ಲವಂಗ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಮುಗಿದದ್ದೇ ಭರಣಿಗೆ ತುಂಬಿಸಿ ಬಟ್ಟೆ ಕಟ್ಟಬೇಕು, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುಗಿಸಬೇಕು, ಇಪ್ಪತ್ತೊಂದನೇ ದಿನ ಸೋಸಬೇಕು. "ಮತ್ತೆ ಕ್ರಿಸ್ಮಸ್ ತನಕ ಮುಟ್ಲಿಕ್ಕೆ ಹೋಗ್ಬೇಡಿ" ಎಂದು ಬಾಯಮ್ಮ ಮುಗಿಸಿದರು. ಮ್ಯಾನೇಜರು ಎಲ್ಲವನ್ನೂ ಉದ್ದ ಪುಸ್ತಕದಲ್ಲಿ ಬರೆದುಕೊಂಡರು. ಕೊನೆಯ ವಾಕ್ಯ ಬರುವಾಗ ಪೆನ್ನಿನ ಶಾಯಿ ಮುಗಿದಿರಬೇಕು.

ಫೋನಿನಲ್ಲಿ ಅವರು ಇದನ್ನು ವೈನ್ ಎನ್ನುವುದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಹೆದರಿಕೆ. "ದ್ರಾಕ್ಷಿ ಕಷಾಯ ಹೇಗುಂಟು ಅಂತ ಒಮ್ಮೆ ನೋಡಿ ಹೋಗಿ" ಎನ್ನುತ್ತಾರೆ. ಕಷಾಯ ಕುಡಿಯಲು ಇಷ್ಟು ಒತ್ತಾಯ ಮಾಡುವವರನ್ನು ಕಂಡರೆ ಯಾವ ಪೊಲೀಸನಿಗೂ ಸಂಶಯ ಬಂದೀತು.

ನಿಶ್ಚಿತ ಠೇವಣಿಯನ್ನು ಅವಧಿಗೆ ಮುನ್ನ ಮುರಿಯಲು ಬಂದ ಗಿರಾಕಿಗಳನ್ನು ಸೇವೆಯುದ್ದಕ್ಕೂ ಕೂರಿಸಿ ಬುದ್ಧಿ ಹೇಳಿದವರು ಇವರು. ಈಗ ನಾಲ್ಕನೇ ದಿನವೇ ಸೌಟು ಅದ್ದುತ್ತಾರೆ. ಪುಸ್ತಕದಲ್ಲಿ ದಾಖಲೆ: "ಸಿಹಿ. ನಾಲಿಗೆಗೆ ಚುರುಚುರು." ಚುರುಚುರು ಯೀಸ್ಟ್ ಬಿಟ್ಟ ಇಂಗಾಲದ ಡೈಆಕ್ಸೈಡಿನದು. ಅವರಿಗದು ಯಶಸ್ಸಿನ ಸೂಚನೆ. ಎರಡನೇ ವಾರ: "ನಿನ್ನೆಯ ಇಡ್ಲಿ ಹಿಟ್ಟಿನ ವಾಸನೆ. ಗಾಬರಿ ಬೇಡ." ಇಪ್ಪತ್ತೊಂದನೇ ದಿನ ಹಳೆ ಪಂಚೆಯಲ್ಲಿ ಸೋಸಿದಾಗ ಇಳಿದದ್ದಕ್ಕೆ ಮಳೆಗಾಲದಲ್ಲಿ ನಮ್ಮ ಫ್ಲೈಓವರಿನ ಕೆಳಗೆ ನಿಲ್ಲುವ ನೀರಿನದೇ ಬಣ್ಣ. ಅದನ್ನೂ ಕುಡಿದರು. "ಸ್ವಲ್ಪ ಖಡಕ್" ಎಂದು ಬರೆದರು. ಪತ್ನಿ ಬಾಯಿಗೂ ತಾಗಿಸಲಿಲ್ಲ. ಭರಣಿಯ ಮಟ್ಟ ಎಲ್ಲಿಗೆ ಇಳಿಯಿತೆಂದು ಹೊರಗಿನಿಂದ ಸೀಮೆಸುಣ್ಣದ ಗೆರೆ ಎಳೆದರು, ಅಷ್ಟೇ. ಆ ಮನೆಯ ನಿಜವಾದ ಆಡಿಟರ್ ಅವರು.

ನನ್ನ ಲೆಕ್ಕದಲ್ಲಿ ಇವರು ಕುಡುಕರಲ್ಲವೇ ಅಲ್ಲ. ಇವರಿಗೆ ಬೇಕಾದದ್ದು ತೀರ್ಪು. ಲಿಫ್ಟಿನಲ್ಲಿ ಸಿಕ್ಕವರು, ಗ್ಯಾಸ್ ತಂದವರು, ಟ್ಯೂಷನ್ನಿಗೆ ಬಂದ ಹುಡುಗನ ಅಪ್ಪ, ಯಾರಾದರೂ ಸರಿ. ಪುಟ್ಟ ಸ್ಟೀಲ್ ಲೋಟ ಕೈಗೆ ಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂತು, ಸಾಲದ ಅರ್ಜಿದಾರನನ್ನು ನೋಡುವ ಹಾಗೆ ಮುಖವನ್ನೇ ನೋಡುತ್ತಾರೆ. ಮಂಗಳೂರಿನವರಿಗೆ ಮುಖದ ಮೇಲೆ ಹೊಡೆದ ಹಾಗೆ ಹೇಳಿ ಗೊತ್ತಿಲ್ಲ. "ಸ್ಟ್ರಾಂಗ್ ಉಂಟು ಮಾರಾಯ್ರೆ" ಎನ್ನುತ್ತೇವೆ. ಚಹಾಕ್ಕೂ, ಸಿಮೆಂಟಿಗೂ, ಭಾಷಣಕ್ಕೂ ನಾವು ಹೇಳುವುದು ಇದನ್ನೇ. ಅವರು ಅದನ್ನು ಪ್ರಶಸ್ತಿಯೆಂದು ಬರೆದುಕೊಳ್ಳುತ್ತಾರೆ.

ಸುಮ್ಮನೆ ಬಿಟ್ಟರೆ ವೈನ್ ತನ್ನಷ್ಟಕ್ಕೆ ಸರಿಯಾಗುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು, ಮದ್ಯಸಾರ ಏರಿದಂತೆ ತಾನೇ ಸುಸ್ತಾಗಿ ತಳ ಸೇರುತ್ತದೆ. ಮೇಲಿನದು ತಿಳಿಯಾಗಿ ಕೆಂಪಾಗುತ್ತದೆ, ಮೊದಲ ಒರಟು ವಾರ ವಾರಕ್ಕೂ ಇಳಿಯುತ್ತದೆ. ಆದರೆ ಮುಚ್ಚಳ ತೆರೆದಾಗಲೆಲ್ಲ ಗಾಳಿ ಒಳಗೆ ಹೋಗುತ್ತದೆ. ಗಾಳಿ ಸಿಕ್ಕಿದರೆ ಅಸಿಟಿಕ್ ಬ್ಯಾಕ್ಟೀರಿಯಾಗಳು ಮದ್ಯಸಾರವನ್ನು ವಿನೆಗರ್ ಮಾಡುತ್ತವೆ, ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ಅಂದರೆ ರುಚಿ ಕೆಟ್ಟಿದೆಯಾ ಎಂದು ನೋಡಿ ನೋಡಿಯೇ ಮ್ಯಾನೇಜರು ರುಚಿ ಕೆಡಿಸಿದರು. ಅವರ ತನಿಖೆಯಲ್ಲಿ ಮಾತ್ರ ಅಪರಾಧಿಗಳು ಬೇರೆ: ದ್ರಾಕ್ಷಿ, ಯೀಸ್ಟ್, ನಲ್ಲಿ ನೀರಿನ ಕ್ಲೋರಿನ್. ಬಾಯಮ್ಮ ಮೇಲೆ ಬಂದು, ಮೂಸಿ, ಸೊಂಟಕ್ಕೆ ಕೈಯಿಟ್ಟು ಕೇಳಿದರು: "ಫ್ಲೈಓವರ್ 2020ರಲ್ಲಿ ಆಗುವ ತನಕ ಹತ್ತು ವರ್ಷ ಕಾದ್ರಿ, ಇದಕ್ಕೆ ನೂರು ದಿನ ಕಾಯ್ಲಿಕ್ಕೆ ಆಗುದಿಲ್ವಾ?"

ಹುಳಿಯಾದದ್ದು ಒಂದು ಭರಣಿ, ಇನ್ನೊಂದು ಸರಿಯಿತ್ತು. ವಿಲೀನದ ಅನುಭವಸ್ಥರು ಸುಮ್ಮನಿರುತ್ತಾರೆಯೆ? ಎರಡನ್ನೂ ಸೇರಿಸಿದರು. ವಾರ ಕಳೆಯುವುದರೊಳಗೆ ಎಲ್ಲವೂ ಹುಳಿ. ಬಾಯಮ್ಮ ಒಂದು ಬಾಟಲಿ ಒಯ್ದು ಕ್ರಿಸ್ಮಸ್ಸಿನ ಹಂದಿ ಇಂದಾದ್‌ಗೆ ಹಾಕಿದರು. ಬಂದ ನೆಂಟರೆಲ್ಲ ಇಂಥ ವಿನೆಗರ್ ಎಲ್ಲಿ ಸಿಕ್ಕಿತೆಂದು ಕೇಳಿದರಂತೆ. ಸುದ್ದಿ ಮೇಲೆ ಮುಟ್ಟಿದ ರಾತ್ರಿಯೇ ಮ್ಯಾನೇಜರು ಪುಸ್ತಕ ತೆರೆದು ತಲೆಬರಹದಲ್ಲಿದ್ದ "ವೈನ್" ಹೊಡೆದು "ವಿನೆಗರ್" ಎಂದು ಬರೆದು ಸಹಿ ಹಾಕಿದರು. ನಷ್ಟ ಸೊನ್ನೆ. ಎನ್‌ಪಿಎ ಇಲ್ಲವೇ ಇಲ್ಲ.

ಈ ಸಲ ಭರಣಿಗಳು ನಾಲ್ಕಾಗಿವೆ. ಪಂಪ್‌ವೆಲ್ ಕಡೆ ಬಂದು ಕೈಗೆ ಸ್ಟೀಲ್ ಲೋಟ ಸಿಕ್ಕಿದರೆ ಇದನ್ನು ನೆನಪಿಡಿ. ಚೆನ್ನಾಗಿದೆ ಎಂದರೆ ಒಂದು ಬಾಟಲಿ ಕಟ್ಟಿ ಕೊಡುತ್ತಾರೆ. ಚೆನ್ನಾಗಿಲ್ಲ ಎಂದರೆ ಪುಸ್ತಕ ತಂದು ಮೊದಲ ಪುಟದಿಂದ ಓದುತ್ತಾರೆ. "ಇನ್ನು ಹದಿನೈದು ದಿನ ಇರ್ಲಿ" ಎಂದು ಹೇಳಿ, ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿಯಿರಿ.