ಆರು ಪೈಸೆಯ ಯಜಮಾನರು

ಸಾರ್ವಜನಿಕ ಗ್ರಂಥಾಲಯದ ಓದುಗರನ್ನು ವಯಸ್ಸು, ವಿದ್ಯಾಭ್ಯಾಸ, ಉದ್ಯೋಗ ಎಂದು ವಿಂಗಡಿಸುವುದು ಗ್ರಂಥಾಲಯ ವಿಜ್ಞಾನದ ಪಠ್ಯಗಳಲ್ಲಿ ರೂಢಿಯಾಗಿದ್ದರೂ, ಕರ್ನಾಟಕದ ಯಾವುದಾದರೊಂದು ಶಾಖಾ ಗ್ರಂಥಾಲಯದ ಕೌಂಟರಿನ ಹಿಂದೆ ಒಂದು ವರ್ಷ ಕುಳಿತೆದ್ದವರಿಗೆ ಆ ವಿಂಗಡಣೆಯಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಅವರ ಲೆಕ್ಕದಲ್ಲಿ ಓದುಗರಲ್ಲಿ ಇರುವುದು ಎರಡೇ ಬಗೆ: ಗ್ರಂಥಾಲಯಕ್ಕೆ ಬರುವವರು ಒಂದು ಬಗೆ, ಗ್ರಂಥಾಲಯ ತಮ್ಮದೆಂದು ಬರುವವರು ಇನ್ನೊಂದು ಬಗೆ. ಎರಡನೆಯ ಬಗೆಯವರು ಸಂಖ್ಯೆಯಲ್ಲಿ ಕಡಿಮೆ. ಊರಿಗೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಇಬ್ಬರಿದ್ದಲ್ಲಿ ಅವರಿಬ್ಬರಿಗೂ ಮಾತುಕತೆ ಇರುವುದಿಲ್ಲ. ಸಾಮಾನ್ಯವಾಗಿ ನಿವೃತ್ತರು, ಇಸ್ತ್ರಿ ಮಾಡಿದ ಅಂಗಿಯವರು, ಕನ್ನಡಕದ ಗೂಡನ್ನು ಜೇಬಿನಲ್ಲಿ ಇಟ್ಟುಕೊಳ್ಳದೆ ಮೇಜಿನ ಮೇಲೆ ಗಡಿಕಲ್ಲಿನಂತೆ ನೆಡುವವರು.

ಈ ಯಜಮಾನಿಕೆಗೆ ಕಾನೂನಿನ ಆಧಾರವೊಂದು ಇದೆಯೆಂಬುದೇ ಗ್ರಂಥಾಲಯ ಸಿಬ್ಬಂದಿಯ ನಿಜವಾದ ಸಂಕಟ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರದು. ಅದರಡಿಯಲ್ಲಿ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತವೆ. ಜನ ಅದನ್ನು ಲೈಬ್ರರಿ ಸೆಸ್ ಎನ್ನುತ್ತಾರೆ. ಇದರ ದರ ಈಗ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ವರ್ಷಕ್ಕೆ 3,000 ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ ಗ್ರಂಥಾಲಯದ ಬಾಬ್ತಿಗೆ ಸಲ್ಲುವುದು 180 ರೂಪಾಯಿ, ಅಂದರೆ ದಿನಕ್ಕೆ ಅರ್ಧ ರೂಪಾಯಿಗೂ ಕಡಿಮೆ. ಆ ಮೊತ್ತಕ್ಕೆ ಅಂಗಡಿಯಲ್ಲಿ ದಿನಪತ್ರಿಕೆಯ ಒಂದು ಹಾಳೆಯೂ ಹುಟ್ಟದೆಂಬುದು ಬೇರೆ ಮಾತು. ನಮ್ಮ ಯಜಮಾನರು ಆ ಅರ್ಧ ರೂಪಾಯಿಯ ಬಲದಿಂದ ಆರು ಪತ್ರಿಕೆಗಳನ್ನು ಆದ್ಯಂತವಾಗಿ ಓದಿ, ಒಂದು ವಾರಪತ್ರಿಕೆಯನ್ನು ನಾಳೆಗೆಂದು ಬಚ್ಚಿಟ್ಟು, ತಣ್ಣೀರು ಕುಡಿದು, ಫ್ಯಾನಿನ ಕೆಳಗೆ ಐದು ನಿಮಿಷ ಕಣ್ಣು ಮುಚ್ಚಿದ ಮೇಲೂ, ಸರ್ಕಾರವೇ ತಮಗೆ ಬಾಕಿ ಕೊಡಬೇಕಾಗಿದೆ ಎಂಬ ಮುಖಭಾವದಿಂದಲೇ ಹೊರಡುತ್ತಾರೆ. ‘ಇದೇನು ನಿಮ್ಮಪ್ಪನ ಮನೆಯೇನಮ್ಮ? ನಾವು ಸೆಸ್ ಕಟ್ಟಲ್ವಾ?’ ಎಂಬುದು ಅವರ ಮೂಲಮಂತ್ರ. ಮನೆಯ ಖಾತೆ ಮಗನ ಹೆಸರಿನಲ್ಲಿದ್ದು ತೆರಿಗೆ ಕಟ್ಟುವವನೂ ಅವನೇ ಆಗಿರುವ ಸಂಗತಿ ಈ ಮಂತ್ರದ ಶಕ್ತಿಯನ್ನು ಕುಗ್ಗಿಸುವುದಿಲ್ಲ.

ಯಜಮಾನರ ದಿನಚರಿ ಬಾಗಿಲು ತೆರೆಯುವುದಕ್ಕೆ ಕಾಲುಗಂಟೆ ಮೊದಲು ಮೆಟ್ಟಿಲಿನ ಮೇಲೆ ಆರಂಭವಾಗುತ್ತದೆ. ಬೀಗ ತೆಗೆಯುವ ಸಹಾಯಕಿಗೆ ಅವರು ನಮಸ್ಕಾರ ಹೇಳುವುದಿಲ್ಲ, ಕೈಗಡಿಯಾರ ನೋಡಿಕೊಳ್ಳುತ್ತಾರೆ. ಒಳಗೆ ಹೋದವರು ಪತ್ರಿಕೆಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಪದ್ಧತಿಯನ್ನು ಒಪ್ಪದೆ, ಒಂದನ್ನು ಮುಖದ ಮುಂದೆ ಬಿಡಿಸಿ, ಎರಡನೆಯದನ್ನು ಮೊಣಕೈಯಡಿ ಒತ್ತಿಟ್ಟು, ಮೂರನೆಯದನ್ನು ನಾಲ್ಕಾಗಿ ಮಡಿಚಿ ಅದರ ಮೇಲೆ ಕುಳಿತುಬಿಡುತ್ತಾರೆ. ಪತ್ರಿಕೆಯ ಮೇಲೆ ಕುಳಿತುಕೊಳ್ಳುವ ಈ ಕ್ರಮಕ್ಕೆ ಗ್ರಂಥಾಲಯ ವಿಜ್ಞಾನದಲ್ಲಿ ಪಾರಿಭಾಷಿಕ ಪದವಿಲ್ಲದಿರುವುದರಿಂದ ಇಲ್ಲಿ ಅದನ್ನು ‘ಆಸನ ಕಾಯ್ದಿರಿಸುವಿಕೆ’ ಎಂದು ಕರೆಯಬಹುದು. ಬಸ್ಸಿನಲ್ಲಿ ಟವೆಲು ಹಾಕಿ ಸೀಟು ಹಿಡಿಯುವವರು ಆಸನಕ್ಕಾಗಿ ವಸ್ತುವನ್ನು ಇಡುತ್ತಾರೆ. ಇವರು ವಸ್ತುವಿಗಾಗಿ ಆಸನವನ್ನೇ ಇಡುತ್ತಾರೆ. ಯಾರಾದರೂ ಅಂಜುತ್ತ ‘ಸರ್, ಆ ಪೇಪರ್…’ ಎಂದು ತೋರಿಸಿದರೆ, ತಾವು ಯಾವುದರ ಮೇಲೆ ಕುಳಿತಿದ್ದೇವೆಂಬುದು ಆಗಷ್ಟೇ ತಿಳಿದಂತೆ ಕೆಳಗೆ ನೋಡಿ, ‘ಅದನ್ನೇ ಓದಬೇಕಿದೆ’ ಎನ್ನುತ್ತಾರೆ. ಓದುವ ಕ್ರಮವೂ ಗಮನಾರ್ಹವಾದುದು: ಮೊದಲು ನಿಧನವಾರ್ತೆ, ಆಮೇಲೆ ದಿನಭವಿಷ್ಯ, ಆಮೇಲೆ ಸಂಪಾದಕೀಯ. ಪದಬಂಧವನ್ನು ಪೆನ್ನಿನಲ್ಲೇ ತುಂಬುತ್ತಾರೆ. ಉತ್ತರ ತಪ್ಪಾದಲ್ಲಿ ಅಕ್ಷರದ ಮೇಲೆ ಅಕ್ಷರ ತಿದ್ದಿ ಚೌಕವನ್ನು ಕಪ್ಪು ಮಾಡುವುದರಿಂದ, ಹನ್ನೊಂದು ಗಂಟೆಯ ಹೊತ್ತಿಗೆ ಪದಬಂಧದಲ್ಲಿ ಮುದ್ರಕರು ಇಟ್ಟದ್ದಕ್ಕಿಂತ ಹೆಚ್ಚು ಕಪ್ಪು ಮನೆಗಳು ಇರುತ್ತವೆ.

ಇವರ ಸಹಜ ಪ್ರತಿಪಕ್ಷವೆಂದರೆ ಸ್ಪರ್ಧಾರ್ಥಿಗಳು, ಅಂದರೆ ಕೆ.ಎ.ಎಸ್., ಪಿ.ಡಿ.ಒ., ಎಫ್.ಡಿ.ಎ. ಮುಂತಾದ ನೇಮಕಾತಿ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು. ಗ್ರಂಥಾಲಯದಲ್ಲಿ ಇವರು ಬಳಸುವುದು ಗ್ರಂಥಗಳನ್ನಲ್ಲ, ಮೇಜು, ಗಾಳಿ, ಬೆಳಕು ಮತ್ತು ಮೊಬೈಲಿಗೆ ಚಾರ್ಜು ಹಾಕುವ ಪ್ಲಗ್ಗನ್ನು; ಪುಸ್ತಕವನ್ನು ಮನೆಯಿಂದಲೇ ತರುತ್ತಾರೆ. ಎರಡು ಪಕ್ಷಗಳ ನಡುವಿನ ವಿವಾದ ಮುಖ್ಯವಾಗಿ ಫ್ಯಾನಿನದು. ಫ್ಯಾನು ಮೂರರಲ್ಲಿ ತಿರುಗಿದರೆ ಯಜಮಾನರ ಹಾಳೆಗಳು ಹಾರುತ್ತವೆ, ಒಂದಕ್ಕೆ ಇಳಿಸಿದರೆ ಸ್ಪರ್ಧಾರ್ಥಿಗಳು ಬೆವರುತ್ತಾರೆ. ಆದ್ದರಿಂದ ರೆಗ್ಯುಲೇಟರಿನ ಗುಂಡಿ ಬೆಳಗಿನಿಂದ ಸಂಜೆಯವರೆಗೆ ಮಾತಿಲ್ಲದೆ ಹಿಂದೆ ಮುಂದೆ ತಿರುಗುತ್ತಲೇ ಇರುತ್ತದೆ. ಎರಡೂ ಕಡೆಯವರು ದೂರು ತರುವುದು ಸಹಾಯಕಿಯ ಬಳಿಗೆ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಪತ್ರಿಕೆಗಳಿಗೆ ಮುದ್ರೆ ಒತ್ತುವುದು, ಪುಸ್ತಕ ಕೊಟ್ಟು ತೆಗೆದುಕೊಳ್ಳುವುದು, ವಹಿಯಲ್ಲಿ ಓದುಗರ ಸಹಿ ಹಾಕಿಸುವುದು ಇವೆಲ್ಲವೂ ಸಣ್ಣ ಶಾಖೆಗಳಲ್ಲಿ ಒಬ್ಬರದೇ ಕೆಲಸವಾಗಿರುವುದರಿಂದ, ನ್ಯಾಯತೀರ್ಮಾನವೂ ಆ ಪಟ್ಟಿಗೆ ಸೇರಿಕೊಂಡುಬಿಡುತ್ತದೆ.

ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದ, ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡ ಎಸ್.ಆರ್. ರಂಗನಾಥನ್ ಅವರು ಓದುಗನ ಪರವಾಗಿ ನಿಂತವರು. ಪುಸ್ತಕವಿರುವುದು ಬಳಕೆಗಾಗಿ, ಓದುಗನಿಗೆ ಅವನ ಪುಸ್ತಕ ಸಿಗಬೇಕು, ಅವನ ಸಮಯ ಉಳಿಯಬೇಕು ಎಂಬುದು ಆ ಸೂತ್ರಗಳ ಸಾರದಲ್ಲಿ ಒಂದು ಭಾಗ. ಉಳಿಸುವುದಕ್ಕೆ ಸಮಯದ ಕೊರತೆಯೇ ಇಲ್ಲದ, ಬದಲಿಗೆ ಕಳೆಯುವುದು ಹೇಗೆಂದು ತಿಳಿಯದ ಓದುಗನೊಬ್ಬ ದಿನವೂ ಬಂದು ಕುಳಿತರೆ ಸಿಬ್ಬಂದಿ ಏನು ಮಾಡಬೇಕೆಂಬುದಕ್ಕೆ ಆರನೆಯ ಸೂತ್ರ ಬೇಕಾಗಿತ್ತು. ಮುಕ್ತ ಪ್ರವೇಶ ಪದ್ಧತಿಯ ಸದುಪಯೋಗದಲ್ಲಂತೂ ಯಜಮಾನರನ್ನು ಮೀರಿಸುವವರಿಲ್ಲ. ಓದುಗನೇ ಕಪಾಟಿನವರೆಗೆ ಹೋಗಿ ಪುಸ್ತಕ ಆರಿಸಿಕೊಳ್ಳುವ ಈ ವ್ಯವಸ್ಥೆಯಲ್ಲಿ ಅವರು ಪುಸ್ತಕ ಆರಿಸುವುದಿಲ್ಲ, ಹೊಸ ವಾರಪತ್ರಿಕೆಯನ್ನು ವಿಶ್ವಕೋಶದ ಸಂಪುಟಗಳ ಹಿಂದೆ ಸೇರಿಸುತ್ತಾರೆ. ಜಾಗದ ಆಯ್ಕೆಯಲ್ಲಿ ವಿವೇಕವಿದೆ: ಗ್ರಂಥಾಲಯದಲ್ಲಿ ಯಾರ ಕೈಯೂ ತಾಗದ, ಧೂಳೇ ಕಾವಲಿರುವ ಸ್ಥಳ ಅದೊಂದೇ.

ಬೈದರೆ ಬಗ್ಗುವ, ನಿಯಮ ತೋರಿಸಿದರೆ ಅಂಜುವ ಜನ ಇವರಲ್ಲವಾದ್ದರಿಂದ, ಅನುಭವಸ್ಥ ಸಿಬ್ಬಂದಿ ಬೇರೆ ಉಪಾಯ ಹೂಡುವುದುಂಟು. ‘ಸರ್, ಹುಡುಗರು ಪೇಪರೆಲ್ಲ ಕಲೆಸಿಹಾಕ್ತಾರೆ, ನೀವೇ ಒಂಚೂರು ನೋಡ್ಕೊಳ್ಳಿ’ ಎಂದು ಒಂದು ದಿನ ವಿನಯದಿಂದ ಹೇಳಿದರೆ ಸಾಕು, ಯಜಮಾನರು ಆ ಕ್ಷಣವೇ ಕುರ್ಚಿ ಬಿಟ್ಟೇಳುತ್ತಾರೆ, ಅಡಿಯ ಪತ್ರಿಕೆಗೆ ಬಿಡುಗಡೆಯಾಗುತ್ತದೆ. ಮೊದಲ ವಾರ ಉಪಾಯ ಫಲಿಸಿದಂತೆ ತೋರುತ್ತದೆ. ಪುಟಗಳು ಅನುಕ್ರಮವಾಗಿರುತ್ತವೆ, ಪುರವಣಿಗಳು ಆಯಾ ಪತ್ರಿಕೆಯ ಹೊಟ್ಟೆಯೊಳಗೇ ಇರುತ್ತವೆ. ಎರಡನೆಯ ವಾರ ಅವರು ಓದುಗರಿಗೆ ಪುಟಕ್ಕಿಷ್ಟೆಂದು ಹೊತ್ತು ನಿಗದಿ ಮಾಡುತ್ತಾರೆ. ಕ್ರೀಡಾಪುಟದ ಮುಂದೆ ನಿಂತ ಕಾಲೇಜು ಹುಡುಗನಿಗೆ ‘ಸಂಪಾದಕೀಯ ಓದಿದೆಯೇನಪ್ಪ?’ ಎಂದು ಪರೀಕ್ಷೆ ಮಾಡುತ್ತಾರೆ. ಮೂರನೆಯ ವಾರ ಸಹಾಯಕಿ ಊಟದ ಡಬ್ಬಿ ತೆರೆಯುವ ಹೊತ್ತನ್ನೂ ಗಡಿಯಾರ ನೋಡಿ ಗುರುತು ಹಾಕಿಕೊಳ್ಳತೊಡಗುತ್ತಾರೆ.

ಅವರ ಪ್ರತಿಭೆ ಪೂರ್ಣವಾಗಿ ಪ್ರಕಟವಾಗುವುದು ಮಂಗಳವಾರ. ಸೋಮವಾರ ಗ್ರಂಥಾಲಯಕ್ಕೆ ವಾರದ ರಜೆ, ಪತ್ರಿಕೆಗೆ ರಜೆಯಿಲ್ಲ. ಹುಡುಗ ಬಾಗಿಲಿನ ಸಂದಿಯಲ್ಲಿ ತೂರಿಸಿ ಹೋದ ಸೋಮವಾರದ ಸಂಚಿಕೆಗಳೂ ಮಂಗಳವಾರದವೂ ಒಂದೇ ಬಾರಿಗೆ ಮೇಜಿಗೆ ಬರುವುದರಿಂದ, ಆ ದಿನ ಯಜಮಾನರು ಕುಳಿತ ಎತ್ತರ ಒಂದು ಅಂಗುಲ ಹೆಚ್ಚಾಗಿ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಎರಡು ದಿನದ ಪತ್ರಿಕೆಗಳನ್ನೂ ಮುಗಿಸಿ, ದಾರದಲ್ಲಿ ಕಟ್ಟಿದ ಪೆನ್ನನ್ನು ನಂಬದೆ ತಮ್ಮದೇ ಪೆನ್ನು ತೆಗೆದು, ಸಲಹಾ ಪುಸ್ತಕದಲ್ಲಿ ದಿನಾಂಕ ಹಾಕಿ, ಸೋಮವಾರದ ಪತ್ರಿಕೆಯಲ್ಲಿ ಹಳಸಲು ಸುದ್ದಿಯೇ ತುಂಬಿದೆಯೆಂದೂ, ಕರ ಕಟ್ಟುವ ನಾಗರಿಕರಿಗೆ ಇಂಥದನ್ನು ಒದಗಿಸುವುದು ಸಲ್ಲದೆಂದೂ, ಈ ಬಗ್ಗೆ ಮೇಲಧಿಕಾರಿಗಳು ಕ್ರಮ ಕೈಗೊಳ್ಳಬೇಕೆಂದೂ ಬರೆದು ಸಹಿ ಮಾಡುತ್ತಾರೆ. ಸಹಾಯಕಿ ಅದನ್ನು ಎರಡು ಸಲ ಓದಿ, ಕೆಂಪು ಶಾಯಿಯಲ್ಲಿ ‘ಪರಿಶೀಲಿಸಲಾಗುವುದು’ ಎಂದು ಬರೆದು, ಪುಟ ತುಂಬಿದ್ದರಿಂದ ಹೊಸ ಸಲಹಾ ಪುಸ್ತಕಕ್ಕೆ ಬೇಡಿಕೆ ಪತ್ರ ತಯಾರಿಸುತ್ತಾರೆ.