ಕಟ್ಟೆಗಣಿತಸಾರಸಂಗ್ರಹ

ಲಕ್ಷಣ: ನಾಲ್ಕೈದು ಮಂದಿ ಗೆಳೆಯರು ಕೂತಲ್ಲಿ ಒಬ್ಬ ಒಂದು ತಿರುವುಮುರುವಿನ ಲೆಕ್ಕ ಎಸೆದು, ಉಳಿದವರು ಚಹಾ ಆರುವ ತನಕ ಜಗಳಾಡಿದರೆ ಅದು ಕಟ್ಟೆಗಣಿತ. ಒಬ್ಬನೇ ಕೂತು ಬಿಡಿಸಿದರೆ ಅದು ಹೋಂವರ್ಕ್. ಈ ಶಾಸ್ತ್ರಕ್ಕೆ ಸಂಬಂಧಿಸಿದ್ದಲ್ಲ.

ಕ್ಷೇತ್ರ: ಧಾರವಾಡದ ಹೆಬ್ಬಳ್ಳಿ ಅಗಸಿಯಿಂದ ಹೆಬ್ಬಳ್ಳಿಯ ಊರಕಟ್ಟೆಯವರೆಗೆ. ಸಪ್ತಾಪುರದ ಕೋಚಿಂಗ್ ಕೇಂದ್ರಗಳ ಸುತ್ತಲಿನ ಚಹಾದಂಗಡಿಗಳು ಉಪಕ್ಷೇತ್ರ.

ಪರಂಪರೆ: 9ನೆಯ ಶತಮಾನದಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಸಂಖ್ಯೆಗಳ ಹಾರವನ್ನೇ ಕಟ್ಟಿದ. 142857143ನ್ನು 7ರಿಂದ ಗುಣಿಸಿದರೆ 1000000001: ತುದಿಗೊಂದು ಮಣಿ, ನಡುವೆಲ್ಲ ಸೊನ್ನೆ. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಆದ್ದರಿಂದ ‘ಲೆಕ್ಕ ಇಂಗ್ಲಿಷಿನಾಗ ಹೇಳ್ರಿ, ತಿಳಿಯಂಗಿಲ್ಲ’ ಎನ್ನುವವರಿಗೆ ಕಟ್ಟೆಯಲ್ಲಿ ವಿನಾಯಿತಿ ಇಲ್ಲ.

ಇನ್ನು ಲೆಕ್ಕಿಗರ ವರ್ಗಗಳು. ಅವು ಐದು.

1. ಘೋಷಕ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವವನು. ಪರೀಕ್ಷೆ: ಬ್ಯಾಟು, ಚೆಂಡು ಸೇರಿ 110 ರೂಪಾಯಿ, ಬ್ಯಾಟಿನ ಬೆಲೆ ಚೆಂಡಿನದಕ್ಕಿಂತ 100 ಹೆಚ್ಚು, ಚೆಂಡಿಗೆಷ್ಟು? ‘ಹತ್ತಲೇ!’ ಎಂದವನು ಘೋಷಕ. ಚೆಂಡಿಗೆ 5 ಎಂದು ತೋರಿಸಿಕೊಟ್ಟರೆ ‘ನಾನೂ ಅದನ್ನ ಹೇಳಾವ ಇದ್ದೆ’ ಎನ್ನುತ್ತಾನೆ.

2. ಮಗ್ಗಿವಂತ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠವಿರುವ ಹಿರಿಯರು. ‘ಹದಿನಾರು ಒಂದೂಮುಕ್ಕಾಲಲೆ?’ ಎಂದು ಕೇಳಿ, ನೀವು ಮೊಬೈಲು ತೆಗೆಯುವಷ್ಟರಲ್ಲಿ ‘ಇಪ್ಪತ್ತೆಂಟು’ ಎಂದಿರುತ್ತಾರೆ. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ ಬೆಂಗಳೂರಿನ ಶಕುಂತಲಾ ದೇವಿ ಈ ವರ್ಗದ ಶಿಖರ.

3. ಎಕ್ಸ್‌ವಾದಿ. ಸಪ್ತಾಪುರದ ಮೂಲನಿವಾಸಿ. ‘ಎಕ್ಸ್ ಅಂತ ಹಿಡೀರಿ’ ಎಂಬುದೇ ಇವನ ಮಂಗಳಾಚರಣೆ. ನಾಲ್ಕು ಆಯ್ಕೆ ಕೊಡದಿದ್ದರೆ ಕಂಗಾಲಾಗುತ್ತಾನೆ. ಕಟ್ಟೆಯ ಲೆಕ್ಕಕ್ಕೂ ಮೈನಸ್ ಅಂಕ ಇದೆಯೇ ಎಂದು ವಿಚಾರಿಸುತ್ತಾನೆ.

4. ವ್ಯಾಜ್ಯಕಾರ. ಇವನಿಗೆ ಉತ್ತರಕ್ಕಿಂತ ತಕರಾರು ಮುಖ್ಯ. 2019ರಲ್ಲಿ ಜಗತ್ತನ್ನೆಲ್ಲ ಸುತ್ತಿದ 8÷2(2+2) ಇವನ ಆಹಾರ. 16 ಎನ್ನುವವರು ಷೋಡಶವಾದಿಗಳು, 1 ಎನ್ನುವವರು ಏಕವಾದಿಗಳು. ಇಬ್ಬರೂ ಬೋಡ್‌ಮಾಸ್ ಮೇಲೆ ಆಣೆ ಮಾಡುತ್ತಾರೆ. ಸಿದ್ಧಾಂತ: ಇನ್ನೊಂದು ಕಂಸ ಹಾಕದೆ ಎರಡರ್ಥ ಬರುವಂತೆ ಬರೆದವನದೇ ತಪ್ಪು. ಈ ತೀರ್ಪನ್ನು ಎರಡೂ ಪಂಥಗಳು ತಿರಸ್ಕರಿಸಿವೆ.

5. ಗುಪ್ತಜ್ಞಾನಿ. ಉತ್ತರ ಮೊದಲೇ ಗೊತ್ತಿದ್ದು ಮುಗುಳ್ನಗುವವನು. ಇವನ ಮೆಚ್ಚಿನ ಅಸ್ತ್ರ: ಮೂವರು ಹತ್ತತ್ತು ಕೊಟ್ಟರು, ಬಿಲ್ಲು 25, ಉಳಿದ 5ರಲ್ಲಿ ಅಂಗಡಿಯ ಹುಡುಗ 2 ಇಟ್ಟುಕೊಂಡು ಒಬ್ಬೊಬ್ಬರಿಗೆ 1 ಮರಳಿಸಿದ. ಮೂರು ಒಂಬತ್ತಲೆ 27, ಹುಡುಗನ ಕಿಸೆಯಲ್ಲಿ 2, ಒಟ್ಟು 29. ‘ಒಂದು ರೂಪಾಯಿ ಎಲ್ಲಿ ಹೋತು?’ ಎಲ್ಲೂ ಹೋಗಿಲ್ಲ. ಆ 2 ಈಗಾಗಲೇ 27ರೊಳಗಿದೆ: ಅಂಗಡಿಗೆ 25, ಹುಡುಗನಿಗೆ 2. 27ಕ್ಕೆ ಕೂಡಬೇಕಾದ್ದು ಮರಳಿ ಬಂದ 3. ಇಷ್ಟನ್ನು ಹೇಳಲು ಗುಪ್ತಜ್ಞಾನಿ ಇನ್ನೊಂದು ಸುತ್ತು ಚಹಾ ಕೇಳುತ್ತಾನೆ.

ಪೂರ್ವಪಕ್ಷ: ಐವರಲ್ಲಿ ಶ್ರೇಷ್ಠ ಗುಪ್ತಜ್ಞಾನಿಯೇ, ಅವನಿಗೆ ಉತ್ತರ ಗೊತ್ತು. ಖಂಡನೆ: ಗೊತ್ತಿದ್ದವನಿಂದ ಲೆಕ್ಕ ಮುಂದೆ ಸಾಗುವುದಿಲ್ಲ, ನಿಲ್ಲುತ್ತದೆ. ಘೋಷಕ ತಪ್ಪು ಉತ್ತರ ಕೂಗಿದ ಮೇಲೆಯೇ ಮಗ್ಗಿವಂತರು ಎಣಿಸುತ್ತಾರೆ, ಎಕ್ಸ್‌ವಾದಿ ಪೆನ್ನು ಹುಡುಕುತ್ತಾನೆ, ವ್ಯಾಜ್ಯಕಾರ ಎದ್ದು ನಿಲ್ಲುತ್ತಾನೆ. ಘೋಷಕನನ್ನು ಸುಳ್ಳಾಗಿಸುವ ಹುರುಪಿನಲ್ಲೇ ಉಳಿದವರಿಗೆ ಸರಿಯುತ್ತರ ಸಿಗುತ್ತದೆ. ಆದ್ದರಿಂದ ಘೋಷಕನೇ ಶ್ರೇಷ್ಠ. ಅವನ ಚಹಾದ ದುಡ್ಡು ಉಳಿದವರು ಕೊಡತಕ್ಕದ್ದು.

ಓದುಗರು ತಮ್ಮ ವರ್ಗ ತಿಳಿಯಲು ಒಂದು ಲೆಕ್ಕ: 3, 3, 8, 8. ಪ್ರತಿ ಅಂಕಿಯನ್ನು ಒಂದೇ ಸಲ ಬಳಸಿ, ಕೂಡಿ, ಕಳೆದು, ಗುಣಿಸಿ, ಭಾಗಿಸಿ 24 ತರಬೇಕು. ಭಿನ್ನರಾಶಿಗೆ ಹೆದರದವರಿಗೆ ಬರುತ್ತದೆ. ‘ಸಾಧ್ಯವೇ ಇಲ್ಲ’ ಎಂದು ಈಗಾಗಲೇ ಕೂಗಿದ್ದರೆ ಅಭಿನಂದನೆಗಳು.