ಮಟಡೋರ್ ಮಿತಾಕ್ಷರಾ

ಅಬ್ಬಿಗೆರೆಯಲ್ಲಿ ಅಬ್ಬಿ ಇಲ್ಲ. ಸ್ಥಳನಾಮ ವಿದ್ವಾಂಸರು ಇದನ್ನು ಇಷ್ಟು ಕಾಲ ಹೇಗೆ ನುಂಗಿಕೊಂಡು ಕೂತರೋ ಕಾಣೆ. ಅಬ್ಬಿಯೆಂದರೆ ಮೇಲಿಂದ ಧುಮುಕುವ ನೀರು. ಮಡಿಕೇರಿಗೆ ಹೋಗಿ ಫೋಟೋ ತೆಗೆಸಿಕೊಂಡವರಿಗೆಲ್ಲ ಗೊತ್ತು. ಊರಿಗೆ ಕೆರೆಯಿದೆ, ಸರಿ. ಧುಮುಕುವ ನೀರೆಲ್ಲಿ? ಪ್ರಸ್ತುತ ಪ್ರಬಂಧಕಾರನು ಬಹುಕಾಲ ಕ್ಷೇತ್ರಕಾರ್ಯ ನಡೆಸಿ, ಎಷ್ಟೋ ಬೆಳಗಿನ ಕಾಫಿ ಆರಿಸಿಕೊಂಡು ಕಂಡುಕೊಂಡ ಸತ್ಯವಿದು: ಆ ನೀರು ನಮ್ಮ ಮನೆಯೆದುರಿನ ಹುಣಸೆಮರದಡಿ ನಿಂತ ಮಟಡೋರ್ ಪಿಕಪ್ಪಿನ ರೇಡಿಯೇಟರಿನಿಂದ ಧುಮುಕುತ್ತದೆ. ದಿನಕ್ಕೆ ಒಂದೂವರೆ ಚೊಂಬು. ಊರಿನ ಹೆಸರು ಮಟಡೋರಿಗಿಂತ ಹಳೆಯದಲ್ಲವೇ ಎಂಬ ಆಕ್ಷೇಪವನ್ನು ಅನುಬಂಧದಲ್ಲಿ ಪರಿಶೀಲಿಸಲಾಗುವುದು. ಅನುಬಂಧ ಇನ್ನೂ ಬರೆದಿಲ್ಲ.

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲೇ ಹೇಳಬೇಕು. ವಿಷಯ: ಅಪ್ಪ ಬಿಟ್ಟುಹೋದ ಪಿಕಪ್ಪಿನ ರಕ್ಷಣೆ ಮತ್ತು ಭೋಗ. ಪ್ರಯೋಜನ: ಧರ್ಮಾರ್ಥಕಾಮಗಳಲ್ಲಿ ನಷ್ಟ, ಬ್ರೇಕಿನ ಸ್ಥಿತಿ ನೋಡಿದರೆ ಮೋಕ್ಷಕ್ಕೆ ಹತ್ತಿರದ ದಾರಿ. ಅಧಿಕಾರಿ, ಅಂದರೆ ಇದನ್ನೋದಲು ಯೋಗ್ಯನಾದವನು: ಓಡದ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿಕೊಂಡು, ಗುಜರಿಯವನು ಬೀದಿಗೆ ಬಂದಾಗಲೆಲ್ಲ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವವನು. ಸಂಬಂಧ: ಅದನ್ನು ಕೇಳಬೇಡಿ, ಅಣ್ಣ ಮಾತು ಬಿಟ್ಟು ಆರು ತಿಂಗಳಾಯಿತು.

ನಾಮ ಪ್ರಕರಣ

ನಮ್ಮ ಕಡೆ ಗಾಲಿ ಮೂರಿರಲಿ ಆರಿರಲಿ, ಲಾರಿಗಿಂತ ಚಿಕ್ಕದಾಗಿ ಸಾಮಾನು ಹೊರುವುದೆಲ್ಲ ‘ಟೆಂಪೋ’. ಈ ಶಬ್ದದ ಮೂಲದ ಬಗ್ಗೆ ಎರಡು ಪಕ್ಷಗಳುಂಟು. ಟೆಂಪೋ ಇಟಲಿಯ ಮಾತು, ಕಾಲವೆಂದರ್ಥ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಕೈದಿಗಳನ್ನು ಪಕ್ಕದ ಜಾಲಹಳ್ಳಿಯ ಶಿಬಿರದಲ್ಲಿ ಇಟ್ಟಿದ್ದರು. ಬಿಡುಗಡೆಯಾಗಿ ಹೋಗುವಾಗ ಅವರು ಈ ಶಬ್ದವನ್ನು ಬೇಲಿಯ ಮೇಲೆ ಒಣಹಾಕಿ ಮರೆತುಹೋದರು. ಇದು ನಮ್ಮಣ್ಣನ ಪಕ್ಷ. ಕೇಳಲಿಕ್ಕೆ ಚೆನ್ನ. ಆದರೆ ಶಬ್ದ ಬಂದದ್ದು ಜರ್ಮನಿಯ ಹ್ಯಾಂಬರ್ಗಿನಿಂದ. ಅಲ್ಲಿನ ವಿಡಾಲ್ ಆಂಡ್ ಸೋನ್ ಎಂಬವರು ಮಾಡುತ್ತಿದ್ದ ಗಾಡಿಗಳ ಹೆಸರೇ ಟೆಂಪೋ. ಅವರ ಪರವಾನಗಿ ಹಿಡಿದು 1958ರಲ್ಲಿ ಹುಟ್ಟಿದ ಬಜಾಜ್ ಟೆಂಪೋ ಮೊದಲು ಮೂರು ಗಾಲಿಯದನ್ನು ಮಾಡಿತು, 1969ರಲ್ಲಿ ಮಟಡೋರ್ ಇಳಿಸಿತು. ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಯಶವಂತಪುರದ ಮಂಡಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಅಲ್ಲಿ ಯಾವ ಕಂಪನಿಯ ಗಾಡಿಯಾದರೂ ಕೂಗುವುದು ‘ಏಯ್ ಟೆಂಪೋ’ ಎಂದೇ.

ಮಟಡೋರ್ ಎಂಬುದು ಸ್ಪೇನಿನ ಮಾತು. ಅಖಾಡದಲ್ಲಿ ಗೂಳಿಯನ್ನು ಇರಿದು ಕೊಲ್ಲುವವನಿಗೆ ಆ ಹೆಸರು. ಹೆಸರಿಟ್ಟ ಜರ್ಮನ್ನರಿಗೆ ಅಬ್ಬಿಗೆರೆ ಯಾವ ದಿಕ್ಕಿಗಿದೆಯೆಂದು ತಿಳಿದಿರಲಾರದು; ಆದರೂ ಹೆಸರು ಬಂದು ಕೂತ ಜಾಗ ನೋಡಿ. 1986ರಲ್ಲಿ ಅಪ್ಪ ಹಳ್ಳಿಕಾರ್ ಜೋಡಿ ರಾಮ ಲಕ್ಷ್ಮಣರನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೊಡೆದುಕೊಂಡು ಹೋದರು. ನಾಲ್ಕನೇ ದಿನ ಬರಿ ಹಗ್ಗ ಹಿಡಿದು ಬಂದರು. ಆ ದುಡ್ಡಿಗೆ ಸಾಲ ಕೂಡಿಸಿ, ಹಿಂದೆ ತೆರೆದ ತೊಟ್ಟಿಯಿರುವ ಹೊಸ ಮಟಡೋರ್ ತಂದು, ಎತ್ತುಗಳ ಗೊಂತಿದ್ದ ಜಾಗದಲ್ಲೇ ನಿಲ್ಲಿಸಿದರು. ಅಮ್ಮ ಆರತಿ ಎತ್ತಿದರು, ಮುಖ ಎತ್ತಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. 1949ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಮೂಲ ಮಟಡೋರಿನಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಗಾಲಿಗಳಿಗೆ ಹೋಗುತ್ತಿತ್ತು. ಲಾರಿಗಳನ್ನು ಹಿಂದಿನ ಗಾಲಿ ತಳ್ಳಿದರೆ ಇದನ್ನು ಮುಂದಿನದು ಎಳೆಯುತ್ತಿತ್ತು. ಎಳೆಯುವವರು ಮುಂದೆ, ಹೊರೆ ಹಿಂದೆ. ಎತ್ತಿನ ಗಾಡಿಯ ತತ್ತ್ವವೂ ಇದೇ ಎಂಬುದನ್ನು ಹ್ಯಾಂಬರ್ಗಿನವರ ಗಮನಕ್ಕೆ ಯಾರೂ ತಂದಂತಿಲ್ಲ.

ದಾಯ ಪ್ರಕರಣ

ಅಪ್ಪ ತೀರಿಕೊಂಡರು. ಶಾಸ್ತ್ರದ ಪ್ರಕಾರ ಹನ್ನೊಂದರ ಸೂತಕ ಕಳೆದು ವೈಕುಂಠ ಸಮಾರಾಧನೆ. ಮೋಟಾರು ವಾಹನ ನಿಯಮದ ಪ್ರಕಾರ ಮೂವತ್ತು ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿವಳಿಕೆ, ಮೂರು ತಿಂಗಳೊಳಗೆ ಮಾಲೀಕತ್ವ ಬದಲಿಸಲು ನಮೂನೆ 31. ನಮೂನೆಯಲ್ಲಿ ವಾರಸುದಾರನ ಹೆಸರು ಬರೆಯಲು ಒಂದೇ ಗೆರೆ. ನಾವು ಮೂವರು: ಅಣ್ಣ, ನಾನು, ತಂಗಿ. ಅಮ್ಮನನ್ನು ಲೆಕ್ಕಕ್ಕೆ ಹಿಡಿದರೆ ನಾಲ್ವರು. ಆಗ ಅಮ್ಮನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಇಂಥ ವ್ಯಾಜ್ಯಕ್ಕೆ ಕನ್ನಡ ನೆಲದಲ್ಲಿ ಹುಟ್ಟಿದ ಗ್ರಂಥವೇ ಇದೆ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಮಿತಾಕ್ಷರಾ. ಬಂಗಾಳವೊಂದನ್ನು ಬಿಟ್ಟರೆ ಹೆಚ್ಚುಕಡಿಮೆ ದೇಶದುದ್ದಕ್ಕೂ ಹಿಂದೂ ಮನೆಗಳ ಪಾಲುಪಟ್ಟಿಗಳನ್ನು ಆಳಿದ ಪುಸ್ತಕ. ಅದರಲ್ಲಿ ಪಾಲಾಗದ ವಸ್ತುಗಳ ಪಟ್ಟಿಯಿದೆ: ತೊಟ್ಟ ಬಟ್ಟೆ, ಒಡವೆ, ಬೆಂದ ಅನ್ನ, ಬಾವಿಯ ನೀರು, ಇವುಗಳ ಜೊತೆಗೆ ವಾಹನ! ಯಾರು ಯಾವುದನ್ನು ಏರಿ ತಿರುಗುತ್ತಿದ್ದರೋ ಅದು ಅವರದು ಎಂದು ವಿಜ್ಞಾನೇಶ್ವರನ ನಿರ್ಣಯ. ಕುದುರೆಗಳ ಸಂಖ್ಯೆ ಸಮವಾಗಿ ಪಾಲಾಗದಿದ್ದರೆ ಮಾತ್ರ ಅದು ಹಿರಿಯನಿಗೆ.

ಅಣ್ಣ ಈ ಕೊನೆಯ ವಾಕ್ಯವನ್ನು ಗಟ್ಟಿ ಹಿಡಿದುಕೊಂಡ. ಮಟಡೋರ್ ಒಂದು, ಒಂದು ಸಮಸಂಖ್ಯೆಯಲ್ಲ, ಆದ್ದರಿಂದ ಹಿರಿಯನಿಗೆ. ನಾನು ಅದರ ಹಿಂದಿನ ವಾಕ್ಯ ಹಿಡಿದೆ: ಡ್ರೈವಿಂಗ್ ಲೈಸೆನ್ಸ್ ಇರುವುದು ನನಗೆ, ಏರಿ ತಿರುಗಿದವನು ನಾನು. ಅಣ್ಣ ಏರಿದ್ದುಂಟು, ತೊಟ್ಟಿಯಲ್ಲಿ, ಕೋಸಿನ ಮೂಟೆಯ ಮೇಲೆ ಮಲಗಿಕೊಂಡು. ಮಲಗುವುದು ಆರೋಹಣವೇ ಎಂಬ ಪ್ರಶ್ನೆಗೆ ಮಿತಾಕ್ಷರೆಯಲ್ಲಿ ಉತ್ತರವಿಲ್ಲ.

ಅಷ್ಟರಲ್ಲಿ ತಂಗಿ ಇನ್ನೊಂದು ಗಂಟು ಬಿಚ್ಚಿದಳು. ಮಟಡೋರ್ ಅಪ್ಪನ ಸ್ವಯಾರ್ಜಿತವೋ ಪಿತ್ರಾರ್ಜಿತವೋ? ಅಪ್ಪ ಕೊಂಡದ್ದು ನಿಜ. ಆದರೆ ಕೊಂಡದ್ದು ಎತ್ತು ಮಾರಿದ ದುಡ್ಡಿನಲ್ಲಿ. ಎತ್ತುಗಳು ತಾತನ ಕೊಟ್ಟಿಗೆಯಲ್ಲಿ ತಾತನ ಹಸುವಿಗೆ ಹುಟ್ಟಿದವು. ಆದ್ದರಿಂದ ಮಟಡೋರ್ ಎಂಬುದು ತಾತನ ಹಸುವಿನ ಮೊಮ್ಮಗ. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು. ಕರ್ನಾಟಕ ಇದನ್ನು ಕೇಂದ್ರಕ್ಕಿಂತ ಮೊದಲೇ 1994ರಲ್ಲಿ ಹೇಳಿತು, ಅದು ಬಿಟ್ಟ ಮದುವೆಯಾದವರನ್ನು 2005ರ ತಿದ್ದುಪಡಿ ಸೇರಿಸಿಕೊಂಡಿತು, 2020ರಲ್ಲಿ ಸುಪ್ರೀಂ ಕೋರ್ಟು ಉಳಿದಿದ್ದ ಅನುಮಾನವನ್ನೂ ತೆಗೆಯಿತು. ಸ್ವಯಾರ್ಜಿತವೆನ್ನುತ್ತೀರೋ, 1956ರ ಕಾಯ್ದೆಯಲ್ಲೇ ಮಗಳು ಮೊದಲ ದರ್ಜೆಯ ವಾರಸುದಾರಳು. ಎತ್ತಿನ ಕಡೆಯಿಂದ ಬಂದರೂ ಎಂಜಿನ್ ಕಡೆಯಿಂದ ಬಂದರೂ ಅವಳದು ಒಂದು ಪಾಲು. ನಾವಿಬ್ಬರೂ ಬೆವೆತೆವು. ಅವಳು ಟೀ ಲೋಟ ಕೆಳಗಿಟ್ಟು, ‘ನನಗೆ ಹಾರನ್ ಸಾಕು’ ಎಂದಳು. ಹಾರನ್ ಕೆಟ್ಟು ಎಷ್ಟು ವರ್ಷವಾಗಿತ್ತೆಂದು ಅವಳಿಗೂ ಗೊತ್ತಿತ್ತು.

ಶಾಸನ ಪ್ರಕರಣ

ಹಕ್ಕಿಗೆ ಪ್ರಮಾಣ ಮೂರು ಎನ್ನುತ್ತಾನೆ ಯಾಜ್ಞವಲ್ಕ್ಯ: ಬರಹ, ಅನುಭೋಗ, ಸಾಕ್ಷಿ. ಸಾಕ್ಷಿ ಗಂಗಮ್ಮನಗುಡಿ ದಾರಿಯ ಪಂಕ್ಚರ್ ಅಂಗಡಿಯವನು. ಅವನು ನಾಲ್ಕು ಟೈರುಗಳ ಜಾತಕವನ್ನೂ ಬಾಯಿಪಾಠ ಹೇಳಬಲ್ಲ. ಬರಹ ಯಾವುದು? ಆರ್‌ಸಿ ಪುಸ್ತಕವನ್ನು ಒಂದು ಮಳೆಗಾಲದಲ್ಲಿ ಇಲಿ ಪರಿಶೀಲಿಸಿತ್ತು. ಉಳಿದದ್ದು ಚಾಸಿಯ ಮೇಲೆ ಕೊರೆದ ಸಂಖ್ಯೆ.

ಚಾಸಿ ನಂಬರ್ ಓದುವ ವಿಧಾನವನ್ನು ಕಂಡವರು ಬಲ್ಲರು. ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು, ತೆಳು ಕಾಗದ ಒತ್ತಿ ಹಿಡಿದು, ಸೀಸದಕಡ್ಡಿಯನ್ನು ಅಡ್ಡಡ್ಡ ಆಡಿಸಬೇಕು. ಅಕ್ಷರ ಬೆಳ್ಳಗೆ ಏಳುತ್ತವೆ. ಇದಕ್ಕೆ ಕಚೇರಿ ಭಾಷೆಯಲ್ಲಿ ಪೆನ್ಸಿಲ್ ಪ್ರಿಂಟ್. ಶಾಸನಶಾಸ್ತ್ರದವರು ಕಲ್ಲಿನ ಮೇಲೆ ಒದ್ದೆ ಕಾಗದ ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದಕ್ಕೂ ಇದಕ್ಕೂ ಎಳ್ಳಷ್ಟೂ ಭೇದವಿಲ್ಲ. 2018ರಲ್ಲಿ ಪಕ್ಕದ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲನ್ನು ಓದಿದವರು ಒಮ್ಮೆ ಹುಣಸೆಮರದಡಿಗೂ ಬರಬೇಕಿತ್ತು. ಆ ಕಲ್ಲು ಊರಿಗಾಗಿ ಕಾದಾಡಿ ಸತ್ತವನದು. ಇಲ್ಲಿ ಬಲಬಾಗಿಲ ಮೇಲೆ ಬಣ್ಣದ ಮೂರು ಪದರ. ಮೇಲಿನದು ನೀಲಿ, ನನ್ನ ಮದುವೆಯ ಕಾಲದ್ದು. ಕೆಳಗೆ ಹಳದಿ, ಅಪ್ಪ ಪೀಣ್ಯದ ಲೇತ್ ಶೆಡ್ಡುಗಳಿಗೆ ಎರಕದ ಮಾಲು ಸಾಗಿಸುತ್ತಿದ್ದ ಯುಗ. ಅದರ ಕೆಳಗೆ ಹಸಿರು. ನಸುಕಿಗೆ ಎದ್ದು ಹುರುಳಿಕಾಯಿ, ಕೋಸು, ಸೊಪ್ಪು ಹೊತ್ತ ಯುಗ. ಹಸಿರಿನಿಂದ ಹಳದಿಗೆ ಬರುವಷ್ಟರಲ್ಲಿ ಹೊಲ ಸೈಟಾಗಿತ್ತು. ಹಸಿರು ಪದರದಲ್ಲಿ ‘ತಾ...ಶೀರ್ವಾದ’ ಎಂದಷ್ಟು ಉಳಿದಿದೆ. ನಡುವಿನ ಅಕ್ಷರಗಳು ಒಡೆದುಹೋಗಿವೆ, ಪಾಠಾಂತರಕ್ಕೆ ಅವಕಾಶವಿದೆ. ‘ತಾತನ ಆಶೀರ್ವಾದ’ ಎಂದು ಅಣ್ಣನ ಓದು, ಪಿತ್ರಾರ್ಜಿತವೆಂದು ಸಾಧಿಸಲು.

ರಥ ಪ್ರಕರಣ

ಬೌದ್ಧರ ಆಕ್ಷೇಪವೊಂದಿದೆ, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ನಾಗಸೇನನೆಂಬ ಭಿಕ್ಷು ಮಿಲಿಂದ ರಾಜನನ್ನು ಕೇಳಿದನಂತೆ: ರಥದಲ್ಲಿ ಬಂದೆಯಲ್ಲ, ರಥ ಯಾವುದು? ಗಾಲಿಯೋ, ಅಚ್ಚೋ, ನೊಗವೋ? ನಮ್ಮ ಮಟಡೋರಿನ ಎಂಜಿನ್ ಶಿವಾಜಿನಗರದ ಗುಜರಿಯದು. ಡೈನಮೋ ಜೆ.ಸಿ. ರಸ್ತೆಯದು. ತೊಟ್ಟಿ ಮೂರನೆಯದು, ಅಬ್ಬಿಗೆರೆಯ ಶೆಡ್ಡೊಂದರಲ್ಲಿ ಬೆಸುಗೆ ಹಾಕಿಸಿದ್ದು. ಟೈರುಗಳಿಗೆ ಎಷ್ಟು ಸಲ ಅಟ್ಟೆ ಹಾಕಿಸಿದೆವೋ. ಹಾಗಾದರೆ ಅಪ್ಪನ ಮಟಡೋರ್ ಎಲ್ಲಿ? ರಾಜ ತಬ್ಬಿಬ್ಬಾಗಿ, ರಥವೆಂಬುದು ಬರಿ ಹೆಸರು ಎಂದು ಒಪ್ಪಿಕೊಂಡ. ಅವನು ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆಗೆ, ಹೋದವನಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷವರ್ಷವೂ ಎಫ್‌ಸಿ ಆಗಬೇಕು. ಅಲ್ಲಿ ಬರಿ ಹೆಸರು ನಿಂತರೆ ಸಾಲದು, ಹೆಡ್‌ಲೈಟೂ ಉರಿಯಬೇಕು.

ಚಿಕಿತ್ಸಾ ಪ್ರಕರಣ

ವಿಕ್ರಮಾದಿತ್ಯನ ಮನೆತನದ ಭಾಗ್ಯ ನೋಡಿ. ಅಣ್ಣನ ಆಸ್ಥಾನದಲ್ಲಿ ಆಸ್ತಿ ಪಾಲು ಮಾಡುವ ಗ್ರಂಥ. ತಮ್ಮ ಕೀರ್ತಿವರ್ಮ ಬರೆದದ್ದು ‘ಗೋವೈದ್ಯ’, ಕನ್ನಡದಲ್ಲಿ ದನಗಳ ಔಷಧಿಯ ಮೊದಲ ಪುಸ್ತಕ. ಮಟಡೋರ್ ಉಳ್ಳವನಿಗೆ ಎರಡೂ ಬೇಕು. ಗೋವೈದ್ಯದಲ್ಲಿ ಮದ್ದೂ ಇದೆ, ಮಂತ್ರವೂ ಇದೆ ಎಂದು ಸಾಹಿತ್ಯ ಚರಿತ್ರೆಕಾರರು ತುಸು ಮೂಗು ಮುರಿಯುತ್ತಾರೆ. ಡೀಸೆಲ್ ಗಾಡಿಯನ್ನು ಡಿಸೆಂಬರಿನ ಬೆಳಿಗ್ಗೆ ಐದಕ್ಕೆ ಎಬ್ಬಿಸಿದ್ದರೆ ಮುರಿಯುತ್ತಿರಲಿಲ್ಲ.

ಹೊಟ್ಟೆಯುಬ್ಬರವನ್ನೇ ತೆಗೆದುಕೊಳ್ಳಿ. ದನಕ್ಕೆ ಗಾಳಿ ತುಂಬಿದರೆ ಮೇವು ಬಿಡುತ್ತದೆ. ಮಟಡೋರಿಗೆ ಡೀಸೆಲ್ ಮುಗಿಯುವವರೆಗೆ ಓಡಿಸಿದರೆ ಕೊಳವೆಯೊಳಗೆ ಗಾಳಿ ಸೇರಿ ‘ಏರ್ ಹಿಡಿಯುತ್ತದೆ’. ಮತ್ತೆ ಟ್ಯಾಂಕ್ ತುಂಬಿಸಿದರೂ ಕುಡಿಯುವುದಿಲ್ಲ. ಗಾಳಿ ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಹೀಗಾಗಿ ಪಂಪಿನ ಒತ್ತಡವೆಲ್ಲ ಗುಳ್ಳೆಯಲ್ಲೇ ಕಳೆದುಹೋಗಿ ನಾಜಲ್ ಬಾಯಿ ತೆರೆಯುವುದಿಲ್ಲ. ಪರಿಹಾರ: ಪಂಪಿನ ಮೇಲಿನ ನಟ್ಟನ್ನು ಎರಡು ಸುತ್ತು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಇರುವುದು. ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ತಿಳಿ ಎಣ್ಣೆಯ ಧಾರೆ. ಒತ್ತುತ್ತಲೇ ನಟ್ಟು ಬಿಗಿ ಮಾಡಬೇಕು. ಎತ್ತಿನ ಡುಬ್ಬ ತಟ್ಟುವಂತೆ ಡ್ಯಾಶ್‌ಬೋರ್ಡಿಗೆ ಎರಡು ತಟ್ಟಬೇಕು, ಇದು ಮಂತ್ರಭಾಗ. ತಟ್ಟದೆ ಸ್ಟಾರ್ಟ್ ಆದ ಉದಾಹರಣೆ ನಮ್ಮಲ್ಲಿಲ್ಲ.

ಗೇರ್‌ಬಾಕ್ಸಿನ ಕಾಯಿಲೆಯನ್ನು ಮಾತ್ರ ವಾಸಿ ಮಾಡಕೂಡದು. ಕೇಶಿರಾಜನ ಕಾಲಕ್ಕೇ ಗೊಂದಲಕ್ಕೆ ಸಿಕ್ಕಿ, ‘ಶಬ್ದಮಣಿದರ್ಪಣ’ದಲ್ಲಿ ಪಟ್ಟಿ ಮಾಡಿ ಉಳಿಸಬೇಕಾಗಿ ಬಂದಿದ್ದ ೞ ಎಂಬ ಅಕ್ಷರ ಕನ್ನಡಿಗರ ಬಾಯಿಂದ ಎಂದೋ ಜಾರಿಹೋಯಿತು. ನಮ್ಮ ಮಟಡೋರ್ ಎರಡನೇ ಗೇರಿಗೆ ಬೀಳುವಾಗ ಅದನ್ನು ಶುದ್ಧವಾಗಿ ಉಚ್ಚರಿಸುತ್ತದೆ. ಭಾಷಾವಿಜ್ಞಾನಿಗಳು ಟೇಪ್ ರೆಕಾರ್ಡರ್ ಹಿಡಿದು ಬರಲಿ. ಡಬಲ್ ಕ್ಲಚ್ ಮಾಡಿ ಕೇಳಿಸುತ್ತೇನೆ.

ಭೋಗ ಪ್ರಕರಣ

ಭೋಗವೆಂದರೆ ವರ್ಷಕ್ಕೆ ಮೂರು ಯಾತ್ರೆ. ಎಫ್‌ಸಿ, ಆಯುಧಪೂಜೆಯ ಮಾರನೇ ದಿನ ಕುಂಬಳಕಾಯಿ ಚೂರುಗಳ ಮೇಲೆ ಜಾರುತ್ತ ಒಂದು ಸುತ್ತು, ಮತ್ತೆ ಘಾಟಿ. ಸರಕು ಗಾಡಿಯ ತೊಟ್ಟಿಯಲ್ಲಿ ಜನರನ್ನು ಕೂರಿಸುವಂತಿಲ್ಲ. ಹೀಗಾಗಿ ಮನೆಮಂದಿ ಬಸ್ಸಿನಲ್ಲಿ, ಅಮ್ಮನೂ ನಾನೂ ಕ್ಯಾಬಿನ್ನಿನಲ್ಲಿ. ಎರಡು ಸೀಟಿನ ನಡುವೆ ಎಂಜಿನ್ನಿನ ದಿಬ್ಬ. ಅದರ ಮೇಲೆ ಗೋಣಿಚೀಲ ಹಾಸಿ ಅಮ್ಮ ಕಾಲಿಟ್ಟುಕೊಳ್ಳುತ್ತಾರೆ. ಮಂಡಿನೋವಿಗೆ ಇದಕ್ಕಿಂತ ಒಳ್ಳೆಯ ಶಾಖವಿಲ್ಲವಂತೆ. ಎತ್ತುಗಳೇ ಹೆಚ್ಚಿಲ್ಲದ ಜಾತ್ರೆಮಾಳದ ಅಂಚಿನಲ್ಲಿ ಗಾಡಿ ನಿಲ್ಲಿಸಿದರೆ, ಅಮ್ಮ ಇಳಿಯುವುದಿಲ್ಲ. ಕಿಟಕಿಯಿಂದ ಒಂದೊಂದೇ ಜೋಡಿಯ ಕೊಂಬು, ಗಂಗೆದೊಗಲು ನೋಡುತ್ತ ಕೂತಿರುತ್ತಾರೆ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಐವತ್ತು ದಾಟಿದ, ಸ್ವಂತ ಬಳಕೆಯ ಗಾಡಿಗೆ ‘ವಿಎ’ ಅಕ್ಷರವುಳ್ಳ ನಂಬರು. ನೋಂದಣಿಗೆ 20,000 ರೂಪಾಯಿ. ಆಮೇಲೆ ದಿನನಿತ್ಯದ ಕೆಲಸಕ್ಕೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಎಣ್ಣೆ ಹಾಕಿಸುವುದು, ರಿಪೇರಿ ಇಂಥದಕ್ಕೆ ಮಾತ್ರ. ನಮ್ಮದು 2036ಕ್ಕೆ ಆ ವಯಸ್ಸಿಗೆ ಬರುತ್ತದೆ. ಆದರೆ ಸರಕು ಗಾಡಿ, ಎಂಜಿನ್, ತೊಟ್ಟಿ ಬದಲಾದದ್ದು, ಅರ್ಹತೆ ಸಂದೇಹ. ರಿಪೇರಿಗೆ ಮಾತ್ರ ರಸ್ತೆಗಿಳಿಯುವ ನಿಯಮವನ್ನಂತೂ ಅದು ಹದಿನೈದು ವರ್ಷದಿಂದ ತಾನಾಗಿಯೇ ಪಾಲಿಸುತ್ತ ಬಂದಿದೆ.

ಕಳೆದ ಸಂಕ್ರಾಂತಿಗೆ ಅಮ್ಮ ಎಲ್ಲರನ್ನೂ ಕರೆಸಿದರು. ಅಣ್ಣನೂ ಬಂದ, ಮಾತಾಡಲಿಲ್ಲ. ಮನೆ ಮುಂದೆ ಒಂದು ಹಿಡಿ ಹುಲ್ಲು ಹರಡಿತ್ತು. ‘ದನ ಇಲ್ಲದಿದ್ರೇನು, ಇದನ್ನೇ ಕಿಚ್ಚು ಹಾಯಿಸ್ರೋ’ ಎಂದರು. ಡೀಸೆಲ್ ಟ್ಯಾಂಕಿಗೂ ಬೆಂಕಿಗೂ ಇರುವ ಸಂಬಂಧವನ್ನು ನಾನು ಶಾಸ್ತ್ರೋಕ್ತವಾಗಿ ವಿವರಿಸಿದೆ. ಹುಲ್ಲು ಉರಿದು ಬೂದಿಯಾದ ಮೇಲೆ ದಾಟಿಸುವುದೆಂದು ರಾಜಿಯಾಯಿತು. ಬೂದಿ ತಣ್ಣಗಾಯಿತು, ಮಟಡೋರ್ ಸ್ಟಾರ್ಟ್ ಆಗಲಿಲ್ಲ. ಏರ್ ಬಿಡಿಸಿದೆ. ತಟ್ಟಿದೆ. ಇಲ್ಲ.

ಅಣ್ಣ ಒಳಗೆ ಹೋಗಿ ಅಟ್ಟದಿಂದ ಹಗ್ಗ ತಂದ. 1986ರಲ್ಲಿ ಅಪ್ಪ ಘಾಟಿಯಿಂದ ಹಿಡಿದು ತಂದಿದ್ದ ಅದೇ ಹಗ್ಗ. ಮುಂದಿನ ಬಂಪರಿಗೆ ಕಟ್ಟಿದೆವು. ಅಣ್ಣ ಬಲಕ್ಕೆ, ನಾನು ಎಡಕ್ಕೆ, ತಂಗಿ ನಡುವೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಡ್ರೈವರ್ ಸೀಟು ಹತ್ತಿದರು, ಸ್ಟೀರಿಂಗ್ ಹಿಡಿದರು; ಆಮೇಲೆ ನಾಲಿಗೆಯನ್ನು ಅಂಗುಳಿಗೆ ಹಚ್ಚಿ, ಯಾವ ವ್ಯಾಕರಣದಲ್ಲೂ ಅಕ್ಷರವಿಲ್ಲದ ಆ ಸದ್ದು ಮಾಡಿದರು. ನಾವು ಮೂವರೂ ಒಟ್ಟಿಗೆ ಹೆಜ್ಜೆ ಎತ್ತಿದೆವು.